ಕಳೆಯ ಜೊತೆ ಕಿತ್ತ ಶ್ರೀಗಂಧ

ಲಚ್ಯಾಣದ ಕಡೆಯ ನಮ್ಮ ಹೊಲದಲ್ಲಿ ಅವ್ವ ಕಳೆ ತೆಗೆಯಲು ಕೂತರೆ ಕರಿಕೆ, ಜೇಕು ಒಂದನ್ನೂ ಬಿಡುವವಳಲ್ಲ. ಅವುಗಳ ಜೊತೆ ಇನ್ನೊಂದನ್ನೂ ಕೀಳುತ್ತಿದ್ದಳು: ಹಕ್ಕಿ ಉದುರಿಸಿದ ಬೀಜದಿಂದ ಬದುವಿನಲ್ಲಿ ಹುಟ್ಟಿದ ಶ್ರೀಗಂಧದ ಸಸಿ. ಅವಳೊಬ್ಬಳೇ ಅಲ್ಲ, ಸುತ್ತಲಿನವರೆಲ್ಲ ಹಾಗೇ ಮಾಡುತ್ತಿದ್ದರು. ಆಗಿನ ಕಾಯ್ದೆಯಲ್ಲಿ ಹೊಲ ನಮ್ಮದಾದರೂ ಶ್ರೀಗಂಧ ಸರಕಾರದ್ದು. ಕಳುವಾದರೆ ಜವಾಬು ಮಾತ್ರ ನಮ್ಮದು.

ನಾನು ಸಣ್ಣವಳಿದ್ದಾಗ ನಮ್ಮ ಬದುವಿನ ಗಿಡವೊಂದನ್ನು ಯಾರೋ ಕಡಿದೊಯ್ದರು. ಅರಣ್ಯದವರು ವಿಚಾರಣೆಗೆಂದು ಅಪ್ಪನನ್ನು ತಮ್ಮ ಕಚೇರಿಗೆ ಕರೆದು ಎರಡು ದಿನ ಕೂರಿಸಿಕೊಂಡರು. ಅವ್ವ ನನ್ನನ್ನು ಕಟ್ಟಿಕೊಂಡು ಆ ಕಚೇರಿಯ ಬೇಲಿಯ ಹೊರಗೆ ಕೂತಿದ್ದಳು. ಅಪ್ಪನ ತಪ್ಪೇನೂ ಇಲ್ಲವೆಂದು ಬಿಟ್ಟು ಕಳಿಸಿದರು. ಆದರೆ ಅಂದಿನಿಂದ ಅವ್ವನಿಗೆ ಆ ಸಸಿ ಕಂಡರೆ ಹಾವು ಕಂಡಂತೆ.

ಇಂಡಿ ಪಟ್ಟಣದ ಶಾಲೆಯಲ್ಲಿ ನಾನು ಪೌರನೀತಿ ಕಲಿಸುವವಳು. ವಿಧೇಯಕ, ಚರ್ಚೆ, ತಿದ್ದುಪಡಿ, ಅಂಕಿತ ಎಂದು ವರ್ಷಗಟ್ಟಲೆ ಮಕ್ಕಳ ಮುಂದೆ ಗಂಟಲು ಹರಿದುಕೊಂಡಿದ್ದೇನೆ. ಶ್ರೀಗಂಧ ಬೆಳೆದವರದೇ ಎಂದು ಶಾಸಕರು ಕಾಯ್ದೆ ತಿದ್ದಿ ಎಷ್ಟೋ ವರ್ಷವಾಗಿತ್ತು. ಈಚೆಗೆ ಮಾರಾಟದ ಕಟ್ಟುಪಾಡುಗಳೂ ಸಡಿಲಾದವು. ಇಷ್ಟಾದರೂ ನಮ್ಮ ಬದು ಬೋಳೇ ಇತ್ತು. ನಾಚಿಕೆಯಾಗಿ, ಕಳೆದ ಮಳೆಗಾಲದಲ್ಲಿ ಸಸಿ ತಂದು ತೊಗರಿಯ ಪಕ್ಕ ಎರಡು ಸಾಲು ನೆಟ್ಟೆ. ಶ್ರೀಗಂಧ ಒಂಟಿಯಾಗಿ ಬದುಕದು. ತೊಗರಿಯ ಬೇರಿಗೆ ಬೇರು ಹಚ್ಚಿ ಉಣ್ಣುತ್ತದೆ.

ಎಂಟು ದಿನ ಬಿಟ್ಟು ಹೋದರೆ ಒಂದು ಸಾಲು ಪೂರ್ತಿ ಕಿತ್ತು ಬಾಡಿ ಬಿದ್ದಿತ್ತು.

"ನೀನ ಕಿತ್ತಿಯೇನು?" ಎಂದೆ.

"ಕಿತ್ತೇನಿ. ಉಳದದ್ದು ನಾಳೆ ಕೀಳ್ತೇನಿ," ಎಂದಳು ಅವ್ವ, ತಲೆ ಎತ್ತದೆ.

ನನ್ನ ಸಿಟ್ಟು ನೆತ್ತಿಗೇರಿತು. ಮೊಬೈಲ್ ತೆಗೆದು ತಿದ್ದಿದ ಕಾಯ್ದೆಯನ್ನು ಅವಳ ಮುಂದೆ ಓದಿದೆ.

"ಬರದವ್ರು ಬೆಂಗಳೂರಾಗ ಕುಂತಾರ. ಹೊಲಕ್ಕ ಬರವ್ರು ಬ್ಯಾರೆ ಇರ್ತಾರ. ಆವಾಗ ನಿನ್ನ ಮೊಬೈಲ್ ಬರತೈತೇನು?"

"ನೀ ಅಂದ್ರ ಬರೇ ಹೆಡ್ಡಿ," ಎಂದುಬಿಟ್ಟೆ. ಬೇಲಿಯ ಹೊರಗೆ ಕೂತವಳಿಗೆ ಈ ಮಾತು ಆಡಬಾರದಿತ್ತು. ಉಳಿದ ಸಾಲನ್ನು ಶನಿವಾರದ ತನಕ ಬಿಡು ಎಂದು ಕೈಮುಗಿದು ಕೇಳಿಕೊಂಡೆ. ಗಿಡಗಳನ್ನು ಪಹಣಿಯಲ್ಲಿ ಸೇರಿಸಲು ನಾನು ಅರ್ಜಿ ಕೊಟ್ಟಿದ್ದೆ. ಅಂದು ಅರಣ್ಯದವರು ನೋಡಲು ಬರುವುದಿತ್ತು.

ಶನಿವಾರ ಖಾಕಿ ತೊಟ್ಟ ಯುವತಿಯೊಬ್ಬಳು ಸ್ಕೂಟಿಯಿಂದ ಇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಎದ್ದು ನಿಂತು, "ಇವು ನಾವ್ ಹಚ್ಚಿದ್ದಲ್ಲರಿ. ಹಕ್ಕಿ ಹಾಕ್ಯಾವ," ಎಂದಳು. ಹಕ್ಕಿಗಳು ಪಾಪ, ದಾರ ಹಿಡಿದು ಸಾಲಾಗಿ ಹಾಕಿದ್ದವು.

ಯುವತಿ ನಗಲಿಲ್ಲ. ಅವ್ವನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಯವ್ವಾ, ನಾ ಸಿಂದಗಿ ಕಡಿ ರೈತರ ಮಗಳು. ನಮ್ಮವ್ವನೂ ಹಿಂಗ ಕಿತ್ತಿ ಒಗೀತಿದ್ಲರಿ. ಈಗ ಕೀಳಬ್ಯಾಡ್ರಿ. ಕಳುವಾದ್ರ ನೀವ ದೂರು ಕೊಡ್ರಿ, ನಾವು ಹುಡುಕತೇವಿ."

"ನಾವು ದೂರು ಕೊಡೂದು?"

"ಹೌದ್ರಿ. ನೀವ."

ಅವ್ವ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಅವಳ ಕಣ್ಣು ತುಂಬಿದವು.

"ಗಿಡದ ಮಾಲಕರು ಯಾರ್ರಿ?" ಯುವತಿ ಕಾಗದ ಬಿಡಿಸಿದಳು. ಉತ್ತರ ಹೇಳಹೊರಟ ನನ್ನನ್ನು ಅವ್ವ ಮೊಣಕೈ ಹಿಡಿದು ಹಿಂದೆ ಸರಿಸಿದಳು.

"ಹೊಲಾ ನನ್ನ ಹೆಸರಿಲೆ ಐತಿ. ಗಿಡಾನೂ ನಂದು. ಬರಕೋ."

ಬರೆದಾಯಿತು. ಸಹಿ ಹಾಕುವ ಮುನ್ನ ಅವ್ವ ಕಾಗದವನ್ನು ನನ್ನ ಕೈಗೆ ಕೊಟ್ಟು, "ಓದು. ಗಟ್ಟಿಯಾಗಿ ಓದು," ಎಂದಳು. ನಾನು ಅವಳ ಹೆಸರನ್ನು ಓದಿದೆ, ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದವರಿಗೂ ಕೇಳುವಂತೆ.