ಇಪ್ಪತ್ತನೆಯ ಮೊಳೆ

"ಅತ್ತಿಗೆ, ಈ ಮಾತು ನಮ್ಮಿಬ್ಬರಲ್ಲೇ ಇರಲಿ. ನಮ್ಮನೆಯವಳ ಕಿವಿಗೆ ಬಿದ್ರೆ ನನ್ನ ಕಥೆ ಮುಗೀತು. ನನ್ನ ಎದೆ ಒಳಗೆ ಒಂದು ಮೊಳೆ ಇದೆ. ಅರ್ಧ ಇಂಚಿಂದು, ಚಪ್ಪಟೆ ತಲೆ. ಆರು ವರ್ಷ ಆಯ್ತು. ನಾನು ಬಾಯಿಗೆ ಹಾಕ್ಕೊಳ್ಳೋದು ಯಾವತ್ತೂ ಇಪ್ಪತ್ತು ಮೊಳೆ. ಇಪ್ಪತ್ತೊಂದಲ್ಲ, ಹತ್ತೊಂಬತ್ತಲ್ಲ. ಅಪ್ಪ ಕಲಿಸಿದ್ದೇ ಹಾಗೆ. ಇಪ್ಪತ್ತು ಹೊಡೆದ ಮೇಲೆ ಬೆನ್ನು ನೇರ ಮಾಡಬೇಕು, ಆಮೇಲೆ ಮತ್ತೆ ಇಪ್ಪತ್ತು. ಅವತ್ತು ಫೋಟೋ ಸ್ಟುಡಿಯೋದವರ ಸೋಫಾಕ್ಕೆ ಬಟ್ಟೆ ಹೊಡೀತಿದ್ದೆ. ಸೀನು ಬಂತು, ತಡಕೊಂಡೆ. ಬೆನ್ನು ನೇರ ಮಾಡಿ ಎಣಿಸಿದ್ರೆ ಸೋಫಾದಲ್ಲಿ ಹತ್ತೊಂಬತ್ತೇ ಮೊಳೆ. ನೆಲ ಗುಡಿಸಿದೆ, ಅಯಸ್ಕಾಂತದ ಸುತ್ತಿಗೆ ಮೂಲೆ ಮೂಲೆಗೂ ಆಡಿಸಿದೆ, ಜೇಬು ನೋಡಿದೆ, ಚಪ್ಪಲಿ ಕೊಡವಿದೆ. ಇಲ್ಲ. ಮತ್ತೆಲ್ಲಿ ಹೋಗುತ್ತೆ? ಒಳಗೇ ಹೋಗಿದೆ. ಅದಾಗಿ ಒಂದು ತಿಂಗಳಿಗೆ ಅನ್ನ ಸಿಕ್ಕಿಕೊಳ್ಳೋಕೆ ಶುರುವಾಯ್ತು. ಇಲ್ಲೇ, ಅಂಗಿಯ ಈ ಮೂರನೇ ಗುಂಡಿ ಹತ್ರ. ಆಸ್ಪತ್ರೆಗೆ ಹೋದ್ರೆ ಎದೆ ಸೀಳಿ ತೆಗೀತಾರೆ. ಹಳೇ ಸೋಫಾ ಬಿಚ್ಚಿ ಬಿಚ್ಚಿ ನನಗೆ ಗೊತ್ತು ಅತ್ತಿಗೆ, ಒಂದ್ಸಲ ಬಿಚ್ಚಿದ್ದನ್ನ ಮೊದಲಿನ ಹಾಗೆ ಮುಚ್ಚೋಕಾಗಲ್ಲ."

ನನ್ನ ಮೈದುನ ಹೀಗೆ ಹೇಳಿದ್ದು ಅಂಗಡಿಯ ಹಿಂಬಾಗಿಲಲ್ಲಿ, ನಾನು ಹಳೆಯ ಗೋಣಿಬಟ್ಟೆಯ ದಾರ ಬಿಡಿಸುತ್ತ ಕೂತಿದ್ದಾಗ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವನಿಗೆ ಹತ್ತು ವರ್ಷ. ಈಗ ಐವತ್ನಾಲ್ಕು. ಬೀದಿಗೆ ಮುಖ ಮಾಡಿರುವ ಕೋಣೆ ಅವನ ಅಂಗಡಿ, ಅದರ ಹಿಂದೆ ಅವನು, ಅವನ ಹೆಂಡತಿ, ಮಹಡಿಯ ಮೇಲೆ ನಾನೊಬ್ಬಳೇ. ಊಟ ಮೂವರದೂ ಕೆಳಗೆ, ಒಂದೇ ಮೇಜಿನಲ್ಲಿ.

ಸೋಫಾ, ಕುರ್ಚಿ, ದಿವಾನ, ಕಾರಿನ ಸೀಟು, ಕೂರುವಂಥದ್ದು ಯಾವುದೇ ಇರಲಿ, ಕುಸಿದದ್ದನ್ನು ಎತ್ತಿ ನಿಲ್ಲಿಸುವುದು ಅವನ ಕೆಲಸ. ಬೀದಿಯವರು ಅವನನ್ನು ಮೊಳೆಬಾಯಿ ಮೇಸ್ತ್ರಿ ಎನ್ನುತ್ತಾರೆ. ಬಾಯಲ್ಲಿ ಮೊಳೆ ಇರುವಾಗ ಅವನ ಮಾತು ಎರಡೇ, 'ಹೂಂ' ಮತ್ತು 'ಉಹೂಂ'. ಅಷ್ಟರಲ್ಲೇ ಅವನು ವ್ಯಾಪಾರ ಮಾಡಿದ್ದಾನೆ, ಜಗಳ ಬಿಡಿಸಿದ್ದಾನೆ, ಒಂದು ಸಲ ಮದುವೆಯ ಸಂಬಂಧವನ್ನೂ ಕುದುರಿಸಿದ್ದಾನೆ. ನಾಲಿಗೆಯಿಂದ ಒಂದೊಂದೇ ಮೊಳೆಯನ್ನು ತುಟಿಗೆ ತಂದು, ಸುತ್ತಿಗೆಯ ಅಯಸ್ಕಾಂತಕ್ಕೆ ಅಂಟಿಸಿ, ಮರಕ್ಕೆ ಬಡಿಯುವ ವೇಗ ನೋಡಬೇಕು. ಕುಸಿದ ಸೋಫಾ ಬಂದರೆ ಸಾಕು, ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಯಾರು ಧೊಪ್ಪೆಂದು ಬೀಳುತ್ತಾರೆ, ಯಾರು ಹೇಳದೆ ಕೇಳದೆ ನಿದ್ದೆ ಹೋಗುತ್ತಾರೆ ಎಂದು ಹೇಳಿಬಿಡುತ್ತಿದ್ದ. ಗಿರಾಕಿಗಳು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು.

ಇಂಥವನು ಊಟಕ್ಕೆ ಕೂತರೆ ಬೇರೆಯೇ ಮನುಷ್ಯ. ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಎದ್ದು ನಿಂತು, ದೀಪದ ಬಲ್ಬು ಸರಿಮಾಡುವವನ ಹಾಗೆ ಎರಡೂ ಕೈ ಮೇಲೆತ್ತುತ್ತಿದ್ದ. ಒಂದು ಲೋಟ ನೀರು ಕುಡಿದು ಎರಡು ಸಲ ಕುಪ್ಪಳಿಸುತ್ತಿದ್ದ. ಆಮೇಲೆ ಅಂಗಡಿಗೆ ಯಾರೋ ಬಂದ ಹಾಗಾಯಿತು ಎಂದು ಹೊರಗೆ ಹೋಗುತ್ತಿದ್ದ. ಊಟ ಬಿಟ್ಟು ಗಿರಾಕಿ ನೋಡುತ್ತಾನೆ ಎಂದು ಬೀದಿಯಲ್ಲಿ ಒಳ್ಳೆಯ ಹೆಸರು ಬಂತು. ಅಂಗಡಿಯಲ್ಲಿ ಯಾರೂ ಇರುತ್ತಿರಲಿಲ್ಲ. ತಿಂದದ್ದನ್ನು ಹಿತ್ತಲ ನಲ್ಲಿಯ ಹತ್ತಿರ ಕಕ್ಕಿ ಬರುತ್ತಿದ್ದ. ಔಷಧಿ ಅಂಗಡಿಯವನು ಗ್ಯಾಸ್ ಎಂದು ಹೇಳಿ ಮಾತ್ರೆ ಕೊಡುತ್ತಲೇ ಇದ್ದ, ಇವನು ನುಂಗುತ್ತಲೇ ಇದ್ದ. ಆ ಮಾತ್ರೆಯೂ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು ಎನ್ನುವುದು ಬೇರೆ.

ಅವನ ಹೆಂಡತಿ, ನನ್ನ ಓರಗಿತ್ತಿ, ಇದೆಲ್ಲ ತನ್ನ ಅಡುಗೆಯ ದೋಷ ಎಂದುಕೊಂಡಿದ್ದಳು. ಉಪ್ಪು ಕಡಿಮೆ ಮಾಡಿದಳು, ಖಾರ ಬಿಟ್ಟಳು, ಅನ್ನವನ್ನು ಮಗುವಿಗೆ ಕಲಸುವ ಹಾಗೆ ಕಲಸಿದಳು. ಮೂರು ದಿಂಬು ಇಟ್ಟು ಒರಗಿಸಿ ಮಲಗಿಸಿದಳು. ಮಲಗಿದರೆ ತಿಂದದ್ದು ಬಾಯಿಗೆ ಬಂದು ಕೆಮ್ಮು ಹತ್ತುತ್ತಿತ್ತು. ಅವನ ಪ್ಯಾಂಟಿನ ಸೊಂಟವನ್ನು ಎಷ್ಟು ಸಲ ಹಿಡಿದು ಹೊಲಿದಳೆಂದರೆ ಹಿಂದಿನ ಎರಡು ಜೇಬುಗಳೂ ಹತ್ತಿರ ಬಂದು ಒಂದಕ್ಕೊಂದು ತಾಕಿಕೊಂಡವು. ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು, ಇದು ಆ ಕೆಟ್ಟ ಕಾಯಿಲೆ ಇರಬಹುದಾ ಅಕ್ಕ ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಳಿದು ಹೋಗಿದ್ದಳು.

ಮದುವೆಯಾದ ವಾರದಿಂದಲೂ ಬಾಯಿಗೆ ಮೊಳೆ ಹಾಕಬೇಡಿ ಎಂದು ಬೊಬ್ಬೆ ಹೊಡೆಯುತ್ತಿದ್ದವಳು ಅವಳೇ. ಅದಕ್ಕೇ ಅವನು ಬಾಯಿ ಬಿಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಅಯಸ್ಕಾಂತದ ಸುತ್ತಿಗೆಯನ್ನು ಎದೆಯ ಮೇಲೆ ಆಡಿಸಿ, ಮೊಳೆ ಜರುಗಿದೆಯೋ ಎಂದು ನೋಡಿಕೊಳ್ಳುತ್ತಿದ್ದನಂತೆ.

ಇಷ್ಟೆಲ್ಲ ಕೇಳಿ ನಾನು ಒಂದೇ ಮಾತು ಕೇಳಿದೆ. "ಅಲ್ಲಪ್ಪಾ, ಮೊಳೆ ಅನ್ನ ತಡೀತು ಅಂತಿಟ್ಕೋ. ನೀರೂ ತಡೆಯುತ್ತಾ?"

ತಡೆಯುತ್ತೆ ಎಂದು ಒಪ್ಪಿಕೊಂಡ. ಎರಡು ತಿಂಗಳಿಂದ ನೀರೂ ಅಲ್ಲೇ ನಿಲ್ಲುತ್ತಿತ್ತು. ಮರುದಿನವೇ ಒಂದು ಹೊಸ ಕುರ್ಚಿಯ ಕೆಂಪು ವೆಲ್ವೆಟ್ಟಿನ ಮೇಲೆ ಬಗ್ಗಿದ್ದಾಗ ಕುಡಿದ ನೀರು ಹಾಗೇ ವಾಪಸು ಬಂತು. ತನ್ನ ಜೀವಕ್ಕೆ ಹೆದರದವನು ಆ ವೆಲ್ವೆಟ್ಟಿನ ಕಲೆಗೆ ಹೆದರಿದ. ಆಸ್ಪತ್ರೆಗೆ ಹೋಗೋಣ ಎಂದು ತಾನೇ ಹೇಳಿದ. ಮೂವರೂ ಹೊರಟೆವು.

ಅನ್ನನಾಳದ ಕಾಯಿಲೆ ನೋಡುವ ಡಾಕ್ಟರಮ್ಮ ಕಣ್ಣು ಮಿಟುಕಿಸದೆ ಕೇಳಿಸಿಕೊಳ್ಳುವವರು. ಇವನು ಮೊಳೆಯ ಉದ್ದ, ದಪ್ಪ, ತಲೆಯ ಅಗಲ ಎಲ್ಲ ಹೇಳಿದ. ಓರಗಿತ್ತಿಯ ಮುಖ ನಾನು ನೋಡಲಿಲ್ಲ, ನೋಡುವ ಧೈರ್ಯ ಆಗಲಿಲ್ಲ. ಎಕ್ಸ್-ರೇ ತೆಗೆದು ತಂದರು. ಮೊಳೆ ಇರಲಿಲ್ಲ.

"ಆರು ವರ್ಷ ನನ್ನ ಅಡುಗೆದೇ ತಪ್ಪು ಅಂದ್ಕೊಳ್ಳೋಕೆ ಬಿಟ್ರಿ," ಎಂದಳು ಅವಳು, ತಣ್ಣಗೆ. "ಕೊನೆಗೆ ನೋಡಿದ್ರೆ ಎಣಿಸೋಕೇ ಬಂದಿಲ್ಲ."

ಕಾಯಿಲೆಗಿಂತ ಆ ಮಾತು ಅವನಿಗೆ ಹೆಚ್ಚು ಚುಚ್ಚಿತು. ಇನ್ನೊಂದು ಸಲ ಸರಿಯಾಗಿ ನೋಡಿ ಎಂದು ಡಾಕ್ಟರಮ್ಮನನ್ನು ಬೇಡಿಕೊಂಡ. ಅವರು ನಕ್ಕು, ಎಣಿಕೆ ಸರಿಯಾಗಿಯೇ ಇರಬಹುದು, ನುಂಗಿದ್ದರೆ ಆ ವಾರವೇ ಅದರ ದಾರಿ ಅದು ನೋಡಿಕೊಂಡು ಹೋಗಿರುತ್ತದೆ ಎಂದರು. ಆಮೇಲೆ ನಗು ನಿಲ್ಲಿಸಿ, ಇಷ್ಟು ಸೊರಗಿರುವವರಿಗೆ ಒಳಗೆ ಗಡ್ಡೆ ಬೆಳೆದಿದೆಯೇ ಎಂದು ಮೊದಲು ನೋಡಬೇಕು, ಬಾಯಿಂದ ಕ್ಯಾಮೆರಾ ಇರುವ ನಳಿಗೆ ಇಳಿಸುತ್ತೇವೆ, ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರು. ಓರಗಿತ್ತಿ ಆಮೇಲೆ ದಾರಿಯುದ್ದಕ್ಕೂ ಅವನನ್ನು ಬೈಯಲಿಲ್ಲ. ಅದಕ್ಕೇ ಅವನಿಗೆ ಭಯವಾಯಿತು.

ಮರುದಿನ ಅವನನ್ನು ಒಳಗೆ ಕರೆದುಕೊಂಡು ಹೋದರು. ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು. ಬೆಂಚಿನ ರೆಕ್ಸಿನ್ ಹರಿದಿತ್ತು. ಓರಗಿತ್ತಿ ಅದರ ಸ್ಪಂಜನ್ನು ಚಿವುಟಿ ಚಿವುಟಿ ಮಡಿಲ ತುಂಬ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದು, ಬೆಳಿಗ್ಗೆ ಏನು ತಿಂದರು ಎಂದು ಕೇಳಿದರು. ಒಂದು ಹನಿ ನೀರೂ ಇಲ್ಲ ಎಂದಳು ಇವಳು. ಒಳಗೆ ಬಟಾಣಿ ಕಾಣುತ್ತಿದೆಯಲ್ಲ, ಅದೂ ಇಡಿ ಇಡಿಯಾಗಿ, ಎಂದರು ಅವರು.

ಬಟಾಣಿ ಮಾಡಿದ್ದು ಹಿಂದಿನ ದಿನ ಮಧ್ಯಾಹ್ನ. ಓರಗಿತ್ತಿಗೆ ತಕ್ಷಣ ಅನುಮಾನ ಬಂತು. ತಾನು ಸ್ನಾನಕ್ಕೆ ಹೋದಾಗ ಪಾತ್ರೆಗೆ ಕೈ ಹಾಕಿರಬೇಕು, ಈ ಮನುಷ್ಯನನ್ನು ನಂಬಬಾರದು ಎಂದು ಶುರು ಮಾಡಿದಳು. ಡಾಕ್ಟರಮ್ಮ ಅವಳ ಪಕ್ಕದಲ್ಲೇ ಬೆಂಚಿನ ಮೇಲೆ ಕೂತರು.

"ಅವರು ಕದ್ದು ತಿಂದಿಲ್ಲಮ್ಮ. ಅದು ನಿನ್ನೆಯದೇ. ಹೊಟ್ಟೆಗೆ ಇಳಿದೇ ಇಲ್ಲ, ನಾಳದಲ್ಲೇ ಕೂತಿತ್ತು. ಎಲ್ಲಾ ತೆಗೆದು, ಕೆಳಗಿನವರೆಗೂ ನೋಡಿದ್ದೀನಿ. ಗಡ್ಡೆ ಇಲ್ಲ."

ಅವಳು ಮಡಿಲಲ್ಲಿದ್ದ ಸ್ಪಂಜಿನ ಚೂರುಗಳನ್ನು ಒಂದೊಂದಾಗಿ ಎತ್ತಿ ಬೆಂಚಿನ ಹರುಕಿನೊಳಗೆ ತುರುಕತೊಡಗಿದಳು. ಗಡ್ಡೆ ಒಂದು ಇಲ್ಲದಿದ್ದರೆ ಸಾಕು, ಇನ್ನೇನು ಬೇಕಾದರೂ ಇರಲಿ ಎಂದಳು.

ಇನ್ನೇನು ಎಂದು ತಿಳಿಯಲು ಎರಡು ಪರೀಕ್ಷೆ ಆದವು. ಮೊದಲು ಕಲಸಿದ ಸುಣ್ಣದಂಥ ಬಿಳಿ ಔಷಧ ಕುಡಿಸಿ ಚಿತ್ರ ತೆಗೆದರು. ಚಿತ್ರದಲ್ಲಿ ಅವನ ಅನ್ನನಾಳ ಮೇಲೆಲ್ಲ ಊದಿಕೊಂಡು, ಕೆಳಗೆ ಮೂಲಂಗಿಯ ತುದಿಯ ಹಾಗೆ ಚೂಪಾಗಿತ್ತು. ಎರಡನೆಯದು ಮೂಗಿನಿಂದ ಸಣ್ಣ ನಳಿಗೆ ಇಳಿಸಿ, ಚಮಚದಷ್ಟು ನೀರನ್ನು ಹತ್ತು ಸಲ ನುಂಗಿಸಿ, ಒಳಗಿನ ಒತ್ತಡ ಅಳೆಯುವುದು. ಪರೀಕ್ಷೆ ಮುಗಿಯುವವರೆಗೆ ಮಾತಾಡಬಾರದು ಎಂದಿದ್ದರು. ಇದ್ದದ್ದರಲ್ಲಿ ಒಳ್ಳೆಯ ಪರೀಕ್ಷೆ ಅಂದರೆ ಇದೇ ಎಂದು ಓರಗಿತ್ತಿ ಈಗಲೂ ಹೇಳುತ್ತಾಳೆ.

ಡಾಕ್ಟರಮ್ಮ ನಮಗೆ ಬಿಡಿಸಿ ಹೇಳಿದರು. ಅನ್ನನಾಳ ಎಂದರೆ ಬರೀ ಪೈಪಲ್ಲ. ಅದು ತುತ್ತನ್ನು ಒತ್ತುತ್ತ ಒತ್ತುತ್ತ ಕೆಳಗೆ ತಳ್ಳಬೇಕು, ಆಗ ಹೊಟ್ಟೆಯ ಬಾಗಿಲ ಹತ್ತಿರದ ಸ್ನಾಯು ಸಡಿಲವಾಗಿ ದಾರಿ ಬಿಡಬೇಕು. ಇವನ ನಾಳ ತಳ್ಳುವುದನ್ನು ಮರೆತಿದೆ, ಆ ಸ್ನಾಯು ಸಡಿಲವಾಗುವುದನ್ನೂ ಮರೆತಿದೆ. ನಿಂತು, ಕೈಯೆತ್ತಿ, ಕುಪ್ಪಳಿಸಿದಾಗ ಮೇಲಿನ ಭಾರಕ್ಕೆ ಒಂದಿಷ್ಟು ಇಳಿಯುತ್ತಿತ್ತು, ಅಷ್ಟೇ. ತಳ್ಳುವ ಶಕ್ತಿಯನ್ನು ವಾಪಸು ತರುವ ಔಷಧ ಇಲ್ಲ. ಬಾಗಿಲನ್ನು ಸಡಿಲ ಮಾಡಬಹುದು. ಒಂದೋ ಆ ಸ್ನಾಯುವನ್ನು ಕತ್ತರಿಸಬೇಕು, ಇಲ್ಲವೇ ಒಳಗೆ ಬಲೂನು ಇಳಿಸಿ ಉಬ್ಬಿಸಿ ಹಿಗ್ಗಿಸಬೇಕು.

"ಪಟ್ಟಿ ಬಿಗಿ ಜಾಸ್ತಿ ಆಗಿದೆ ಅನ್ನಿ," ಎಂದ ಅವನು. ಸೀಟಿನ ಕೆಳಗೆ ಎಳೆದು ಹೊಡೆಯುವ ಪಟ್ಟಿಯ ಮಾತು ಅದು. ಆಮೇಲೆ ಅವನು ರೋಗಿಯ ಹಾಗೆ ಕೇಳಲಿಲ್ಲ, ಮೇಸ್ತ್ರಿಯ ಹಾಗೆ ಕೇಳಿದ. ಬಲೂನು ಎಷ್ಟು ಅಗಲ, ಎಷ್ಟು ಹೊತ್ತು ಎಳೆದು ಹಿಡಿಯುತ್ತೀರಿ, ಎಳೆಯುವಾಗ ಹರಿದರೆ ಏನು ಗತಿ. ಅಗಲ ಮೂರು ಸೆಂಟಿಮೀಟರು, ಹಿಡಿಯುವುದು ಒಂದು ನಿಮಿಷ ಎಂದರು. ನೂರು ಜನರಲ್ಲಿ ಎಲ್ಲೋ ಒಬ್ಬಿಬ್ಬರಿಗೆ ಹರಿಯುವುದೂ ಉಂಟು, ಹಾಗಾದರೆ ಕೂಡಲೇ ಆಪರೇಷನ್ ಮಾಡಬೇಕಾಗುತ್ತದೆ ಎಂದು ಅದನ್ನೂ ಮುಚ್ಚಿಡದೆ ಹೇಳಿದರು.

ಅವನು ಹೆಬ್ಬೆರಳಿನಿಂದ ಮೂರು ಸೆಂಟಿಮೀಟರು ಅಳೆದು ನೋಡಿಕೊಂಡ. ಹೆಂಡತಿಯ ಕಡೆ ತಿರುಗಿ, ಏನು ಮಾಡೋಣ ಎಂದು ಕೇಳಿದ. ಮೂವತ್ತು ವರ್ಷದಲ್ಲಿ ಅವನು ಅವಳನ್ನು ಹೀಗೆ ಕೇಳಿದ್ದನ್ನು ನಾನು ಕಂಡಿಲ್ಲ.

"ಮಾಡಿಸ್ಕೊಳ್ಳಿ," ಎಂದಳು. "ನಿಮ್ಮ ಪ್ಯಾಂಟಲ್ಲಿ ಇನ್ನು ಹಿಡಿಯೋಕೆ ಬಟ್ಟೆ ಉಳಿದಿಲ್ಲ."

ಎರಡು ದಿನ ಬರೀ ನೀರಿನಂಥದ್ದನ್ನೇ ಕುಡಿಸಿ, ಮೂರನೆಯ ದಿನ ಮಂಪರು ಬರಿಸಿ ಬಲೂನು ಇಳಿಸಿದರು. ಎಚ್ಚರವಾದಾಗ ಎದೆ ನೋಯುತ್ತದೆ ಎಂದ. ಹರಿದಿರಬೇಕು ಎಂದು ಹೆದರಿದೆವು. ಮತ್ತೆ ಅಂಥದೇ ಔಷಧ ಕುಡಿಸಿ ಚಿತ್ರ ತೆಗೆದು ನೋಡಿದರು. ಎಲ್ಲೂ ಹರಿದಿರಲಿಲ್ಲ. ಔಷಧ ತಡೆಯಿಲ್ಲದೆ ಹೊಟ್ಟೆಗೆ ಇಳಿಯುವುದನ್ನು ಓರಗಿತ್ತಿ ಪರದೆಯ ಮೇಲೆ ಕಣ್ಣಾರೆ ಕಂಡಳಂತೆ, ಹೊರಗೆ ಬಂದು ನನಗೆ ಕೈಯಾಡಿಸಿ ತೋರಿಸಿದಳು. ಡಾಕ್ಟರಮ್ಮ ಕಳಿಸುವಾಗ ಎಚ್ಚರಿಕೆ ಹೇಳಿದರು. ಕೆಲವರಿಗೆ ವರ್ಷ ಎರಡು ವರ್ಷಕ್ಕೆ ಮತ್ತೆ ಬಿಗಿಯಾಗುತ್ತದೆ, ಆಗ ಮುಚ್ಚಿಡದೆ ಬನ್ನಿ. ಸಣ್ಣ ತುತ್ತು, ಚೆನ್ನಾಗಿ ಅಗಿಯಬೇಕು, ನೆಟ್ಟಗೆ ಕೂತು ಉಣ್ಣಬೇಕು, ಉಂಡ ಮೇಲೆ ಮೂರು ಗಂಟೆ ಮಲಗಬಾರದು.

ಮೊದಲ ವಾರ ಗಂಜಿ, ಮೆತ್ತನೆಯದು. ಎಂಟನೆಯ ದಿನ ಮಧ್ಯಾಹ್ನ ಅನ್ನ. ಓರಗಿತ್ತಿ ಬಡಿಸಿ, ತನ್ನ ತಟ್ಟೆಗೆ ಹಾಕಿಕೊಳ್ಳದೆ ಎದುರಿಗೇ ಕೂತಳು. ಅವನು ಮೊದಲ ತುತ್ತು ಇಟ್ಟು ಅಗಿದು ನುಂಗಿದ. ಕೈ ಅಭ್ಯಾಸಬಲದಿಂದ ಮೇಜಿನಿಂದ ಮೇಲೆದ್ದಿತು, ಅರ್ಧದಲ್ಲಿ ನಿಂತಿತು. ಏನೋ ಕೇಳಿಸಿಕೊಳ್ಳುವವನ ಹಾಗೆ ಕೂತಿದ್ದ.

"ಹೋಯ್ತು," ಎಂದ.

ಎರಡನೆಯದೂ ಹೋಯಿತು, ಮೂರನೆಯದೂ. ನಡುವೆ ಅಂಗಡಿಗೆ ನಿಜವಾಗಿಯೂ ಯಾರೋ ಬಂದು ಕೂಗಿದರು. ಊಟ ಮಾಡ್ತಿದ್ದೀನಿ, ಆಮೇಲೆ ಬನ್ನಿ ಎಂದು ಕೂತಲ್ಲಿಂದಲೇ ಹೇಳಿದ. ಎರಡನೆಯ ಸಲ ಅನ್ನ ಹಾಕಿಸಿಕೊಂಡ. ಉಪ್ಪು ಸ್ವಲ್ಪ ಕಡಿಮೆಯಾಗಿದೆ ಎಂದೂ ಹೇಳಿದ. ಆರು ವರ್ಷದಲ್ಲಿ ಅವಳ ಅಡುಗೆಗೆ ಅವನು ಮೊದಲ ಸಲ ಹೆಸರಿಟ್ಟಿದ್ದು. ಅವಳು ನಗುತ್ತ ಉಪ್ಪಿನ ಡಬ್ಬಿ ತಳ್ಳಿ, ಆಮೇಲೆ ತಾನೂ ಬಡಿಸಿಕೊಂಡು ಉಂಡಳು.

ಊಟ ಮುಗಿದ ಮೇಲೆ ಅವನು ಗೋಡೆಯ ಪಕ್ಕದ ದಿವಾನದ ಕಡೆ ನೋಡಿದ. ಅವಳು ಅಡ್ಡ ಬಂದು ನಿಂತಳು.

"ಮೂರು ಗಂಟೆ ಮಲಗೋ ಹಾಗಿಲ್ಲ. ಡಾಕ್ಟರಮ್ಮ ಹೇಳಿದ್ದು ನಾನೂ ಕೇಳಿಸ್ಕೊಂಡಿದ್ದೀನಿ. ಸುಮ್ನೆ ನಿಲ್ಲೋದ್ಯಾಕೆ?"

ಅವನ ಕೈಗೆ ಪಾತ್ರೆ ತಿಕ್ಕುವ ನಾರು ಕೊಟ್ಟಳು. ಅವನು ತೋಳು ಮಡಚಿ ನಲ್ಲಿ ತಿರುಗಿಸಿದ. ಅನ್ನದ ಪಾತ್ರೆಯ ತಳ ಹಿಡಿದಿತ್ತು, ನೀರು ಹಾಕಿ ನೆನೆಯಲು ಬಿಟ್ಟು ಮೊದಲು ಲೋಟಗಳನ್ನು ತೊಳೆದ. ತೊಳೆದದ್ದನ್ನು ನನ್ನ ಕಡೆ ಚಾಚಿದ. ನಾನು ಒರೆಸಿ ಒಂದರ ಪಕ್ಕ ಒಂದು ಬೋರಲು ಹಾಕಿದೆ. ಆಮೇಲೆ ತಟ್ಟೆಗಳು, ಆಮೇಲೆ ಸೌಟು, ಕೊನೆಗೆ ಆ ಪಾತ್ರೆ. ಅದನ್ನು ಎರಡು ಸಲ ತಿಕ್ಕಿದ.