ಸೊರಬದ ಚರ್ಚಿನ ಹಿತ್ತಾಳೆ ಸೌಟು

ದೂರದವರ ಪಾಪದ ಮೇಲೆ ಪ್ರಸಂಗ ಮಾಡುವುದು ಬಹಳ ಸುಲಭ. ಆ ವಿದ್ಯೆಯಲ್ಲಿ ನಾನು ಗಟ್ಟಿಗನಾಗಿದ್ದೆ. ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಶಿಕಾರಿಪುರದಲ್ಲಿ ಸಭಾಪಾಲಕ. ತಿಂಗಳ ಮೊದಲ ಭಾನುವಾರ ಬೆಳಗಿನ ಬಸ್ಸಿಗೆ ಸೊರಬಕ್ಕೆ ಹೋಗಿ, ಅಲ್ಲಿನ ಚಿಕ್ಕ ಚರ್ಚಿನಲ್ಲಿ ಆರಾಧನೆ ನಡೆಸಿ, ಕರ್ತನ ಭೋಜನದ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿ ಸಂಜೆಗೆ ಮರಳುತ್ತಿದ್ದೆ. ದ್ರಾಕ್ಷಾರಸವೆಂದರೆ ನನ್ನ ಹೆಂಡತಿ ಒಣದ್ರಾಕ್ಷಿ ಕುದಿಸಿ ಸೋಸಿ ಕೊಟ್ಟ ನೀರು. ಅದರ ಸೀಸೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಕೂರುತ್ತಿದ್ದೆ.

ಒಂದು ಭಾನುವಾರ ಅಮೆರಿಕದ ಕರಿಯರ ವಿಷಯ ತೆಗೆದೆ. ಪತ್ರಿಕೆಯಲ್ಲಿ ಓದಿದ್ದು ಎದೆಯಲ್ಲಿ ಕುದಿಯುತ್ತಿತ್ತು. ಬಿಳಿಯರ ಚರ್ಚಿನ ಬಾಗಿಲು ಕರಿಯರಿಗೆ ಮುಚ್ಚಿರುವುದನ್ನು, ಒಂದೇ ನಲ್ಲಿಯ ನೀರು ಕುಡಿಯಲು ಬಿಡದಿರುವುದನ್ನು ಹೇಳಿ ಪ್ರಸಂಗಪೀಠ ಗುದ್ದಿದೆ. ಮುಂದಿನ ಬೆಂಚಿನಲ್ಲಿದ್ದ ಸಭೆಯ ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ಪೇಟೆಯಲ್ಲಿ ಅವರದು ಜವಳಿ ಅಂಗಡಿ. ಅಜ್ಜನ ಕಾಲಕ್ಕೆ ಕ್ರೈಸ್ತರಾದ ಮೇಲ್ಜಾತಿಯ ಮನೆತನ.

ಆರಾಧನೆ ಮುಗಿದ ಮೇಲೆ ಒಬ್ಬಳು ಅಜ್ಜಿ ನನ್ನನ್ನು ಬಾಗಿಲಲ್ಲಿ ತಡೆದಳು. ಊರಾಚೆಯ ಕೇರಿಯವಳು, ಗದ್ದೆ ಕೆಲಸ ಮಾಡಿ ಬದುಕಿದವಳು. ಅವಳೂ ಅವಳ ಕಡೆಯ ಹತ್ತು ಹನ್ನೆರಡು ಜನರೂ ಬೆಂಚುಗಳ ಹಿಂದೆ ಚಾಪೆಯ ಮೇಲೆ ಕೂರುತ್ತಿದ್ದರು.

"ಅಯ್ಯಾ, ಆ ದೇಶದಲ್ಲಿ ಕರೇರಿಗೆ ಬಟ್ಲು ಕೊಡ್ತಾರೋ, ಬೊಗಸೆಗೆ ಹುಯ್ತಾರೋ?"

ಅವಳು ಕುಟುಕಲು ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು.

ಆ ಸಭೆಯ ವಾಡಿಕೆ ಹೀಗಿತ್ತು. ಬೆಂಚಿನವರು ಒಂದೇ ಬೆಳ್ಳಿ ಬಟ್ಟಲಿಗೆ ತುಟಿಯಿಟ್ಟು ಸರದಿಯಂತೆ ಕುಡಿಯುವರು. ಚಾಪೆಯವರ ಸರದಿ ಬಂದಾಗ ಹಿರಿಯರು ಒಂದು ಹಿತ್ತಾಳೆ ಸೌಟನ್ನು ನನ್ನ ಕೈಗೆ ಕೊಡುವರು. ನಾನು ಬಟ್ಟಲಿನಿಂದ ತೆಗೆದು ಮೇಲಿನಿಂದ ಅವರ ಬೊಗಸೆಗೆ ಹುಯ್ಯುವೆ. ಹೌದು, ನಾನೇ. ಮೊದಲ ದಿನ ವಿಚಾರಿಸಿದ್ದಕ್ಕೆ ಹಿರಿಯರು, "ಇದು ಇಲ್ಲಿನ ವಾಡಿಕೆ ಕಣ್ರೀ ಅಯ್ಯನೋರೆ, ಶುಚಿಗೋಸ್ಕರ ಅಷ್ಟೆ" ಅಂದಿದ್ದರು. ನಾನು ನಂಬಿದೆ. ನಂಬಿದೆ ಅನ್ನುವುದೂ ಸುಳ್ಳು, ನಂಬುವುದು ನನಗೆ ಅನುಕೂಲವಾಗಿತ್ತು. ಎಂಟು ತಿಂಗಳು ಹುಯ್ದೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ಅದಕ್ಕೆ ನನಗಿಂತ ಒಳ್ಳೆಯ ಉದಾಹರಣೆ ಬೇಡ.

ಮರಳುವ ಬಸ್ಸಿನಲ್ಲಿ ನಾಚಿಕೆಯಿಂದ ಮೈ ಉರಿಯಿತು. ಆಮೇಲೆ ಸಿಟ್ಟು ಬಂತು. ಆ ಸಿಟ್ಟು ಆರದ ಹಾಗೆ ಒಂದು ತಿಂಗಳು ಕಾಪಾಡಿಕೊಂಡೆ. ಕೆಲಸ ಹೋಗಬಹುದು ಎಂದು ಹೆಂಡತಿಗೆ ಮೊದಲೇ ಹೇಳಿದೆ. ಅವಳು ದ್ರಾಕ್ಷಿ ಹಿಂಡುತ್ತ, "ಹೋದ್ರ ಹೋಗ್ಲಿ ಬಿಡ್ರಿ. ಸೌಟಿನಾಗ ಹುಯ್ಯಾಕಂತ ನಾನಿದನ್ನ ಕುದ್ಸಿಲ್ಲ" ಅಂದಳು.

ಮುಂದಿನ ತಿಂಗಳು ಪೀಠ ಹತ್ತುವಾಗ ಸೌಟನ್ನೂ ಒಯ್ದೆ. ಅಮೆರಿಕದ ಸುದ್ದಿಗೆ ಹೋಗಲಿಲ್ಲ. ಸೌಟನ್ನು ಎತ್ತಿ ಹಿಡಿದು, "ನಮ್ಮ ಪಾಪ ಇದು. ಎಂಟು ತಿಂಗಳಿಂದ ಇದನ್ನು ಹಿಡಿದವನು ನಾನು" ಅಂದೆ. ಇವರ ತುಟಿ ತಾಗಿದರೆ ಬಟ್ಟಲು ಕೆಡುವುದಾದರೆ, ಇವರು ಬೆಳೆದ ಅಕ್ಕಿ ನಮಗೆ ಹೇಗೆ ದಕ್ಕುತ್ತದೆ ಎಂದು ಕೇಳಿದೆ. ಅಷ್ಟು ಚಿಕ್ಕ ಪ್ರಸಂಗ ಮತ್ತೆಂದೂ ಮಾಡಿಲ್ಲ.

ಹಿರಿಯರು ಎದ್ದು ನಿಂತರು. "ಕರಿಯರ ಮಾತು ಬೇರೆ, ನಮ್ಮ ಸಭೆ ಮಾತು ಬೇರೆ, ಅಯ್ಯನೋರೆ. ಮೇಲಿನವರಿಗೆ ಬರೀಬೇಕಾಗ್ತದೆ."

"ಬರೀರಿ. ನನ್ನ ಹೆಸರು ದಪ್ಪ ಅಕ್ಷರದಲ್ಲಿ ಬರೀರಿ" ಅಂದೆ.

ಮೊದಲು ಅಜ್ಜಿಯನ್ನು ಕರೆದೆ. ಬಂದು ಮೊಣಕಾಲೂರಿದಳು. ನಾನು ಬಟ್ಟಲು ಚಾಚಿದರೆ ಅವಳ ಕೈಗಳು ತಾವಾಗಿಯೇ ಕೂಡಿ ಬೊಗಸೆಯಾದವು. ಅಷ್ಟು ವರ್ಷಗಳ ಅಭ್ಯಾಸ. ನನಗೆ ಅಳು ಬಂತು. ಆದರೆ ಹುಯ್ಯಲಿಲ್ಲ, ಬಟ್ಟಲನ್ನು ಹಿಂದಕ್ಕೂ ತೆಗೆಯಲಿಲ್ಲ. "ಹಿಡ್ಕೊಳ್ಳಮ್ಮ" ಅಂದೆ. ಅವಳು ಹಿರಿಯರ ಕಡೆ ನೋಡಿದಳು. ತೋಳು ಸೋಲುವಷ್ಟು ಹೊತ್ತು ಕಾದೆ. ಕಡೆಗೆ ಬೊಗಸೆ ಬಿಡಿಸಿ, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಅವಳ ಹಿಂದೆ ಚಾಪೆಯವರೆಲ್ಲ ಕುಡಿದರು.

ಬೆಂಚಿನವರು ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋದರು. ಉಳಿದದ್ದನ್ನು ಚೆಲ್ಲುವಂತಿಲ್ಲ, ಪಾಲಕನೇ ಕುಡಿದು ಮುಗಿಸಬೇಕೆಂಬುದು ನಿಯಮ. ಅವರ ಪಾಲನ್ನೆಲ್ಲ ಅದೇ ಬಟ್ಟಲಿನಿಂದ ನಾನೇ ಕುಡಿದೆ. ಹೆಂಡತಿಯ ಕೈಗುಣ ಅವತ್ತು ಪೂರ್ತಿ ಗೊತ್ತಾಯಿತು.

ಎರಡೇ ತಿಂಗಳಲ್ಲಿ ವರ್ಗದ ಕಾಗದ ಬಂತು. ಸಭೆಯ ಸಮಾಧಾನ ಕೆಡಿಸಿದ್ದು ನನ್ನ ತಪ್ಪಂತೆ. ಹೌದು, ಕೆಡಿಸಿದೆ. ಇನ್ನೊಮ್ಮೆ ಅವಕಾಶ ಸಿಕ್ಕಿದರೆ ಎಂಟು ತಿಂಗಳು ಮೊದಲೇ ಕೆಡಿಸುತ್ತೇನೆ.

ನನ್ನ ಜಾಗಕ್ಕೆ ಬಂದವರು ಮೆದು ಸ್ವಭಾವದವರು. ಮುಂದೊಮ್ಮೆ ಸಿಕ್ಕಾಗ ಅವರೇ ಹೇಳಿದರು. ಅವರ ಕಾಲಕ್ಕೆ ಬೆಂಚಿನವರು ಮರಳಿ ಬಂದರಂತೆ, ಸೌಟೂ ಮರಳಿತಂತೆ. ಅವರು ಸೌಟು ತುಂಬಿ ಅಜ್ಜಿಯ ಮುಂದೆ ಎತ್ತಿ ಹಿಡಿದರೆ ಅವಳು ಬೊಗಸೆ ಒಡ್ಡಲಿಲ್ಲ. ಬಟ್ಟಲು ಹಿಡಿಯುವ ಹಾಗೆ ಕೈ ಅಗಲಿಸಿ ಮೊಣಕಾಲ ಮೇಲೆ ಕೂತೇ ಇದ್ದಳು.

"ಬಟ್ಲು ಕೊಡ್ರಿ ಅಯ್ಯಾ. ಹೋದ ಅಯ್ಯನೋರು ನನಗೋಸ್ಕರ ಕಾದಿದ್ರು. ನಾನೂ ಕಾಯ್ತೀನಿ."

"ಆಮೇಲೆ ಏನ್ ಮಾಡಿದ್ರಿ?" ಎಂದು ಕೇಳಿದೆ.

"ಏನ್ ಮಾಡ್ಲಿ, ಅವಳ ಹಿಂದೆ ಎಲ್ಲರೂ ಹಾಗೇ ಕೈ ಚಾಚಿ ಕೂತಿದ್ರು" ಅಂದರು. "ಕೊಟ್ಟೆ."