ಮಂಜ ಬದಲಾಯಿಸದ ಪಾಸ್‌ವರ್ಡ್

ಕೋವಿಡ್ ಗಲಾಟೆ ಮುಗಿದು, ನಿಂತುಹೋಗಿದ್ದ ಮದುವೆಗಳೆಲ್ಲ ಒಟ್ಟಿಗೆ ಶುರುವಾದ ವರ್ಷ ಅದು. ಕಡೂರಿನಲ್ಲಿ ಕಂಪ್ಯೂಟರ್ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದ ನಾನು ಅದಕ್ಕೆ ಹಿಂದಿನ ವರ್ಷವಷ್ಟೇ ನಿವೃತ್ತಳಾಗಿದ್ದೆ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಸುತ್ತಮುತ್ತ ಯಾರ ಮನೆಯ ಲಿನಕ್ಸ್ ಕೆಟ್ಟರೂ ಬ್ಯಾಗ್ ಹೆಗಲಿಗೇರಿಸಿ ಹೊರಡುತ್ತಿದ್ದೆ. ಲಿನಕ್ಸ್ ಎಂದರೆ ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದಾದ, ಒಳಗಿನದನ್ನು ಬಿಚ್ಚಿ ನೋಡಿ ತಿದ್ದಬಹುದಾದ ಆಪರೇಟಿಂಗ್ ಸಿಸ್ಟಂ. ಈ ವಯಸ್ಸಿನಲ್ಲಿ ಊರೂರು ಅಲೆಯೋದು ಯಾಕೆ ಎಂದು ನಮ್ಮ ಮನೆಯವರು ನಮ್ಮ ಮನೆಮಾತಾದ ದಖನಿ ಉರ್ದುವಿನಲ್ಲಿ ಗೊಣಗುತ್ತಿದ್ದರು. ನಾನೂ ದಖನಿಯಲ್ಲೇ ಬಾಯಿ ಮುಚ್ಚಿಸುತ್ತಿದ್ದೆ.

ತರೀಕೆರೆಯ ಓಂಕಾರಪ್ಪ ನನ್ನ ಹಳೆಯ ಗಿರಾಕಿ. ಮನೆಯ ಮುಂದಿನ ಕೋಣೆಯಲ್ಲೇ ಲಗ್ನಪತ್ರಿಕೆ ಸಿದ್ಧಪಡಿಸಿ ಅಚ್ಚಿಗೆ ಕಳಿಸುವುದು ಅವರ ಕಸುಬು. ಅವರ ಜೊತೆ ಕೆಲಸಕ್ಕಿದ್ದವನು ಮಂಜ. ಮೀಸೆ ಮೂಡುವ ಮೊದಲೇ ಬಂದು ಸೇರಿ, ಅಲ್ಲೇ ಕೆಲಸ ಕಲಿತು, ಮದುವೆಯಾಗಿ ಮಗುವಾದ ಮೇಲೂ ಅಮೃತಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ. ಅಡುಗೆಮನೆಗೆ ಹೋಗಿ ತಾನೇ ಕಾಫಿ ಬಗ್ಗಿಸಿಕೊಳ್ಳುವಷ್ಟು ಸಲಿಗೆ ಆ ಮನೆಯಲ್ಲಿ. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಅದಕ್ಕೇ ಲಾಗಿನ್ ಪರದೆಯಲ್ಲಿ ಕನ್ನಡ ಕೀಲಿಮಣೆಯೇ ಬರುವಂತೆ ಸೆಟ್ಟಿಂಗ್ ಮಾಡಿಕೊಟ್ಟಿದ್ದೆ. ಪಾಸ್‌ವರ್ಡ್ ಕೂಡ ಕನ್ನಡದ್ದೇ. ಅದು ಗೊತ್ತಿದ್ದದ್ದು ಅವರಿಬ್ಬರಿಗೆ ಮಾತ್ರ.

ಒಂದು ಬೆಳಿಗ್ಗೆ ಓಂಕಾರಪ್ಪನವರ ಫೋನು.

“ಮೇಡಂ, ಮಂಜ ಕೈ ಕೊಟ್ಬಿಟ್ಟ ಕಣ್ರೀ! ಪಾಸ್‌ವರ್ಡ್ ಬದ್ಲಾಯ್ಸಿ ಹೋಗವ್ನೆ.”

ಆದದ್ದಿಷ್ಟು. ಮಂಜನ ಹೆಂಡತಿಗೆ ಅಜ್ಜಂಪುರದಲ್ಲಿ ಕೆಲಸ ಸಿಕ್ಕಿತ್ತು. ಸಂಸಾರ ಅಲ್ಲಿಗೆ ಸಾಗಿಸಬೇಕೆಂದು ಮಂಜನೂ ಅಲ್ಲಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಗೊತ್ತುಮಾಡಿಕೊಂಡಿದ್ದ. ಲಗ್ನದ ಸೀಜನ್ನಿನಲ್ಲಿ ಬಿಟ್ಟು ಹೋಗುತ್ತಾನಲ್ಲ ಎಂದು ಓಂಕಾರಪ್ಪ ಕೂಗಾಡಿದ್ದರು. ಮಂಜ ಎದುರಾಡದೆ ಹೊರಟುಹೋಗಿದ್ದ. ಅದಾದ ಎರಡನೇ ದಿನಕ್ಕೇ ಕಂಪ್ಯೂಟರ್ ಒಳಗೆ ಬಿಡಲೊಲ್ಲದು. ಎಷ್ಟು ಸಲ ಪಾಸ್‌ವರ್ಡ್ ಒತ್ತಿದರೂ ತಪ್ಪು ಎನ್ನುತ್ತದೆ. ಅಚ್ಚಿಗೆ ಹೋಗಬೇಕಾದ ಪತ್ರಿಕೆಗಳೆಲ್ಲ ಒಳಗೇ ಸಿಕ್ಕಿಕೊಂಡಿವೆ.

“ಮಂಜನ್ನ ಕೇಳಿದ್ರಾ?” ಎಂದೆ.

“ಕಳ್ಳನ ಹತ್ರ ಹೋಗಿ ನೀನು ಕದ್ಯಾ ಅಂತ ಕೇಳ್ತಾರಾ ಮೇಡಂ?”

ನನಗೆ ರೇಗಿತು. ಆದರೂ ಬಸ್ಸು ಹತ್ತಿದೆ.

ಲಾಗಿನ್ ಪರದೆಯಲ್ಲಿ ಪಾಸ್‌ವರ್ಡ್ ಒತ್ತಿದರೆ ಬರೀ ಚುಕ್ಕಿಗಳು ಕಾಣುತ್ತವೆ. ಪಕ್ಕದಲ್ಲಿ ಕಣ್ಣಿನ ಚಿತ್ರವೊಂದಿದೆ, ಅದನ್ನು ಒತ್ತಿದರೆ ಅಕ್ಷರಗಳೇ ಕಾಣುತ್ತವೆ. ಓಂಕಾರಪ್ಪನವರಿಗೆ ಒತ್ತಲು ಹೇಳಿ ನಾನು ಆ ಕಣ್ಣು ತೆರೆದೆ. ಬೆರಳು ಒತ್ತುತ್ತಿದ್ದದ್ದು ಕನ್ನಡ, ಮೂಡುತ್ತಿದ್ದದ್ದು ಇಂಗ್ಲಿಷ್. ಪಾಸ್‌ವರ್ಡನ್ನು ಯಾರೂ ಬದಲಾಯಿಸಿದಂತೆ ಕಾಣಲಿಲ್ಲ. ಕೀಲಿಮಣೆಯ ಸೆಟ್ಟಿಂಗ್ ಹಾರಿಹೋಗಿತ್ತು.

“ಮೊನ್ನೆ ಅಪ್‌ಡೇಟ್ ಏನಾದ್ರೂ ಹಾಕಿದ್ರಾ?”

“ಹಾಕಿದ್ದೆ. ಅರ್ಧಕ್ಕೇ ಕರೆಂಟ್ ಹೋಯ್ತು.”

ಲಿನಕ್ಸಿನಲ್ಲಿ ಒಂದೊಂದು ಸೌಲಭ್ಯವೂ ಒಂದೊಂದು ಪ್ಯಾಕೇಜು, ಅಂದರೆ ಒಂದೊಂದು ಗಂಟು. ಅಪ್‌ಡೇಟ್ ಎಂದರೆ ಹಳೆಯ ಗಂಟು ತೆಗೆದು ಹೊಸದಿಡುವುದು. ನಡುವೆ ಕರೆಂಟ್ ಹೋದರೆ ಕೆಲವು ಗಂಟುಗಳು ಅರ್ಧ ಬಿಚ್ಚಿದಂತೆ ಉಳಿಯುತ್ತವೆ. ರಿಕವರಿ ಮೋಡ್‌ನಲ್ಲಿ, ಅಂದರೆ ರಿಪೇರಿಗೆಂದೇ ಇರುವ ಹಿಂಬಾಗಿಲಿನಿಂದ ಒಳಹೊಕ್ಕು, ಅರ್ಧಕ್ಕೆ ನಿಂತದ್ದನ್ನು ಮುಗಿಸುವ ಕಮಾಂಡ್ ಕೊಟ್ಟೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬಂದು ನಿಂತಿತು. ಈ ಪ್ಯಾಕೇಜಿನ ಸೆಟ್ಟಿಂಗನ್ನು ನೀವು ತಿದ್ದಿಕೊಂಡಿದ್ದೀರಿ, ಹೊಸದನ್ನು ಹಾಕಲೇ? ಹಾಕಬೇಕಾದರೆ ವೈ, ಹಳೆಯದೇ ಇರಲಿ ಎಂದರೆ ಎನ್.

ಹಿಂದೆ ನಿಂತು ಇಣುಕುತ್ತಿದ್ದ ಓಂಕಾರಪ್ಪ, “ಇಂಥದ್ದೇ ಇನ್ನೊಂದು ಅವತ್ತೂ ಬಂದಿತ್ತು ಮೇಡಂ. ವೈ ಒತ್ತಿದ್ದೆ. ಏನು ಬಂದ್ರೂ ವೈ ಒತ್ತೋದೇ ಅಲ್ವಾ?” ಎಂದರು.

ನಾನು ಎನ್ ಒತ್ತಿ, ಅವತ್ತಿನ ಅಪ್‌ಡೇಟಿನ ದಾಖಲೆ ತೆರೆದು ನೋಡಿದೆ. ಅವರು ವೈ ಒತ್ತಿದ್ದು ಲಾಗಿನ್ ಪರದೆಯ ಪ್ಯಾಕೇಜಿಗೆ. ಕನ್ನಡ ಕೀಲಿಮಣೆಯ ಸೆಟ್ಟಿಂಗ್ ಹೋದದ್ದು ಆ ಗಳಿಗೆಯಲ್ಲೇ. ಪುಣ್ಯಕ್ಕೆ ಲಿನಕ್ಸ್ ಹಳೆಯ ಫೈಲನ್ನು ಬಿಸಾಡುವುದಿಲ್ಲ, ಪಕ್ಕದಲ್ಲೇ ಇಟ್ಟಿರುತ್ತದೆ. ಅದನ್ನು ಮತ್ತೆ ಜಾಗಕ್ಕೆ ತಂದು, ಕಂಪ್ಯೂಟರ್ ಮರಳಿ ಆನ್ ಮಾಡಿ, “ಒತ್ತಿ” ಎಂದೆ. ಅದೇ ಹಳೆಯ ಪಾಸ್‌ವರ್ಡಿಗೆ ಬಾಗಿಲು ತೆರೆಯಿತು. ಪತ್ರಿಕೆಗಳೆಲ್ಲ ಹಾಗೇ ಇದ್ದವು.

ಖುಷಿಪಡಬೇಕಾಗಿದ್ದ ಮನುಷ್ಯ ಕುರ್ಚಿಯಲ್ಲಿ ಕುಸಿದು ಕೂತರು.

“ಮೇಡಂ, ಅಜ್ಜಂಪುರದ ಪ್ರೆಸ್ಸಿನೋರಿಗೆ ಫೋನ್ ಮಾಡ್ಬಿಟ್ಟಿದೀನಿ. ಇವನು ಕಂಪ್ಯೂಟರ್‌ಗೆ ಬೀಗ ಜಡಿದು ಓಡಿಬರೋ ಆಸಾಮಿ, ನಂಬಬೇಡಿ ಅಂತ.”

“ಅಯ್ಯೋ ನಿಮ್ಮ! ಈಗ್ಲೇ ಮಾಡಿ ಫೋನು, ನನ್ನೆದುರಿಗೇ ಮಾಡಿ” ಎಂದು ಗದರಿದೆ.

ಮಾಡಿದರು. ತಪ್ಪು ನನ್ನದೇ, ಹುಡುಗ ಅಪರಂಜಿ ಎಂದು ಗೋಗರೆದರು. ಪ್ರೆಸ್ಸಿನ ಮಾಲೀಕ, “ಬೇರೆಯೋರನ್ನ ತಗೊಂಡಾಯ್ತು ಸ್ವಾಮಿ. ಅಲ್ದೆ ಬೆಂಕಿ ಇಲ್ದೆ ಹೊಗೆ ಆಡಲ್ಲ ಅಂತಾರಲ್ಲ” ಎಂದು ಇಟ್ಟುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ.

ಆ ಮಧ್ಯಾಹ್ನವೇ ಅವರನ್ನು ಅಮೃತಾಪುರಕ್ಕೆ ಎಳೆದುಕೊಂಡು ಹೋದೆ. ಮಂಜನ ಮನೆಯ ಜಗುಲಿಯಲ್ಲಿ ಕಟ್ಟಿಟ್ಟ ಸಾಮಾನು ಹಾಗೇ ಬಿದ್ದಿತ್ತು. ಹೆಂಡತಿ ಮಗುವನ್ನು ಕರೆದುಕೊಂಡು ಆಗಲೇ ಅಜ್ಜಂಪುರಕ್ಕೆ ಹೋಗಿದ್ದಳು. ಮಂಜ ಹೊರಗೆ ಬಂದ.

“ಬನ್ನಿ ಮೇಡಂ. ಬನ್ನಿ ಓಂಕಾರಪ್ಪನೋರೇ, ಕೂತ್ಕಳಿ.”

ಚಾಪೆ ಹಾಸಿದ, ನೀರು ಕೊಟ್ಟ. ಕಂಪ್ಯೂಟರಿಗೆ ಆದದ್ದೇನು ಎಂದು ನಾನು ವಿವರಿಸಿದೆ. ಓಂಕಾರಪ್ಪ, “ತಪ್ಪಾಯ್ತು ಕಣೋ ಮಂಜ. ವಾಪಸ್ ಬಾರೋ” ಎಂದರು.

ಮಂಜ ಖಾಲಿ ಲೋಟ ಎತ್ತಿಟ್ಟ.

“ಒಂದ್ ಫೋನ್ ಮಾಡಿ, ಲೇ ಮಂಜ, ನೀನೇನೋ ಮಾಡಿದ್ದು ಅಂತ ಬೈದಿದ್ರೂ ಆಗಿರೋದು. ನಂಗೊಬ್ಬಂಗೆ ಬಿಟ್ಟು ಊರಿಗೆಲ್ಲ ಹೇಳುದ್ರಿ.” ಆಮೇಲೆ ಅವನೇ, “ಕಾರ್ಡು ತಡ ಆಗಲಿಲ್ಲ ತಾನೇ?” ಎಂದು ಕೇಳಿದ. ಕೆಲಸಕ್ಕೆ ಬರುವ ಮಾತಿಗೆ ಮಾತ್ರ, “ಬ್ಯಾಡ ಬಿಡಿ” ಎಂದಷ್ಟೇ ಹೇಳಿ ಎದ್ದ.

ವಾಪಸು ಬರುವಾಗ ಬಸ್ಸಿನಲ್ಲಿ ಓಂಕಾರಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಲಕ್ಕವಳ್ಳಿ ಕ್ರಾಸಿನ ಹತ್ತಿರ ಬಂದಾಗ, “ಬಂದ ದಿನದಿಂದ ನನ್ನನ್ನ ಅಣ್ಣ ಅಂತಿದ್ದ ಮೇಡಂ. ಇವತ್ತು ಹೆಸರು ಹಿಡಿದು ಕರೆದ” ಎಂದರು. ಮಂಜ ಈಗ ಅಜ್ಜಂಪುರದಲ್ಲಿ ಆಟೋ ಓಡಿಸುತ್ತಾನೆ. ಎದುರಾದರೆ ನನ್ನನ್ನು ಚೆನ್ನಾಗಿಯೇ ಮಾತಾಡಿಸುತ್ತಾನೆ, ಆ ಮನೆಯ ಸುದ್ದಿ ಎತ್ತುವುದಿಲ್ಲ.

ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿ, ಮನೆಮನೆ ಅಲೆದು ನಾನು ಕಂಡದ್ದು ಒಂದೇ. ಕಂಪ್ಯೂಟರ್ ಕೆಟ್ಟಿತು ಅಂದರೆ ನಮ್ಮ ಜನ ಏನಾಯಿತು ಎಂದು ಕೇಳುವುದಿಲ್ಲ, ಯಾರು ಮುಟ್ಟಿದರು ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವಾಗಿ ಮನೆಯಲ್ಲಿ ಯಾರಾದರೊಬ್ಬರು ಸಿಕ್ಕೇ ಸಿಗುತ್ತಾರೆ, ಮುಟ್ಟಿರಲಿ ಬಿಡಲಿ. ಅದಕ್ಕೇ ಈಗ ಯಾರದೇ ಫೋನ್ ಬಂದರೂ ಮೊದಲು ಹೇಳುವುದು ಇಷ್ಟೇ: “ನಾನು ಬಂದು ನೋಡೋವರೆಗೂ ಯಾರ ಹೆಸರೂ ಎತ್ತಬೇಡಿ. ಕೆಟ್ಟಿರೋ ಸಿಸ್ಟಂ ನಾನು ಸರಿ ಮಾಡ್ತೀನಿ. ಅದೊಂದೇ ನನ್ನ ಕೈಲಾಗೋದು.”